ಹಿಮ ಬಿದ್ದ ಭಾನುವಾರ

ನಮ್ಮ ಮನೆ ಇರುವುದು ಕಟ್ಟಡದ ಕೊನೆಯ ಮಹಡಿಯಲ್ಲಿ. ಅದರ ಮೇಲೆ ತಾರಸಿ. ತಾರಸಿಗೆ ಹೋಗುವ ಮೆಟ್ಟಿಲು ಮಾತ್ರ ನಮ್ಮ ನಡುಮನೆಯ ಒಳಗಿದೆ. ಕಟ್ಟಿಸಿದವನು ಯಾವ ಧ್ಯಾನದಲ್ಲಿದ್ದನೋ ಏನೋ, ಹೊರಗಿನಿಂದ ಒಂದು ದಾರಿ ಬಿಡಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಹಾಗಾಗಿ ಕಟ್ಟಡದಲ್ಲಿ ಯಾರು ಬಟ್ಟೆ ಒಗೆದರೂ ಒಣಗಿಸಲು ನಮ್ಮ ಮನೆಯೊಳಗಿಂದ ಹಾದು ಹೋಗಬೇಕು. ಬೆಳಿಗ್ಗೆ ಬಾಗಿಲು ತೆರೆದರೆ ಸಂಜೆ ಕೊನೆಯ ಟವೆಲು ಕೆಳಗಿಳಿಯುವ ತನಕ ಮುಚ್ಚುವಂತಿಲ್ಲ.

ಕೇಳಿದವರೆಲ್ಲ ಅಯ್ಯೋ ಪಾಪ ಎನ್ನುತ್ತಾರೆ. ನನಗೆ ಪಾಪ ಗೀಪ ಏನೂ ಅನ್ನಿಸುತ್ತಿರಲಿಲ್ಲ. ಯಜಮಾನರು ತೀರಿಕೊಂಡ ಮೇಲೆ ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಕೂತವಳು ನಾನು. ಕೂತಲ್ಲಿಗೇ ಲೋಕ ಬರುತ್ತಿತ್ತು. ಯಾರ ಮನೆಯಲ್ಲಿ ಹೊಸ ಹಾಸಿಗೆ ಹೊದಿಕೆ ಬಂತು, ಯಾರ ಮನೆಯ ಅಳಿಯ ಉಳಿದುಕೊಂಡಿದ್ದಾನೆ, ಎಲ್ಲ ಬಕೆಟ್ಟಿನಲ್ಲೇ ಕಾಣುತ್ತಿತ್ತು. ಕೆಳಗಿನ ಮಹಡಿಯ ಹೆಂಗಸನ್ನು ಕೈಯಲ್ಲಿ ಬಕೆಟ್ಟಿಲ್ಲದೆ ನಾನು ನೋಡಿದ್ದೇ ಇಲ್ಲ, ಅದಕ್ಕೆ ಅವರನ್ನು ಬಕೆಟ್ಟಮ್ಮ ಎಂದೇ ಕರೆಯುತ್ತಿದ್ದೆ, ಅವರೂ ನಗುತ್ತಿದ್ದರು. ಇನ್ನೊಬ್ಬರು ನಿವೃತ್ತ ಕಂಡಕ್ಟರು. ಬಟ್ಟೆ ಒಣಗಿಸುವ ಕೆಲಸ ಅವರಿಗಿಲ್ಲ, ತಾರಸಿಯ ಮೇಲೆ ವಾಕಿಂಗ್ ಮಾಡಲು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬರುತ್ತಾರೆ. ನಮ್ಮ ಮೆಟ್ಟಿಲು ಹತ್ತುವಾಗ ತಮಗೆ ತಾವೇ ‘ರೈಟ್’ ಹೇಳಿಕೊಳ್ಳುತ್ತಾರೆ.

ಮನೆಯಲ್ಲಿ ನಾವು ಮೂವರು. ಮಗನದು ಫ್ರಿಜ್ ರಿಪೇರಿ ಅಂಗಡಿ. ಸೊಸೆ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂರುತ್ತಾಳೆ. ಗಾಜಿನ ತೂತಿನಾಚೆ ದಿನವಿಡೀ ಜನ, ಒಬ್ಬರ ಹಿಂದೆ ಒಬ್ಬರು, ಎಲ್ಲರಿಗೂ ಕಿಟಕಿ ಪಕ್ಕದ ಸೀಟೇ ಬೇಕು. ಅಲ್ಲಿಂದ ಮನೆಗೆ ಬಂದರೆ ಇಲ್ಲೂ ಜನ. ನಡುಮನೆ, ಅಡುಗೆಮನೆ, ಒಂದು ಮಲಗುವ ಕೋಣೆ. ಆ ಕೋಣೆಗೆ ಬಾಗಿಲಿಲ್ಲ, ಏಕೆಂದರೆ ಬಾಗಿಲು ಇರಿಸಿದರೆ ತಾರಸಿಯ ಮೆಟ್ಟಿಲಿಗೆ ತಾಗುತ್ತದೆ. ಒಂದು ಪರದೆ ಇದೆ. ಪರದೆಯ ಈಚೆ ನಡುಮನೆಯಲ್ಲಿ ನನ್ನ ಹಾಸಿಗೆ. ಇದೆಲ್ಲ ಎಷ್ಟೋ ವರ್ಷದಿಂದ ಹೀಗೇ ನಡೆದು ಬಂದಿತ್ತು, ಅದರಲ್ಲಿ ಯೋಚಿಸುವಂಥದ್ದು ಏನಿದೆ ಎಂದು ನಾನು ಯೋಚಿಸಿರಲೇ ಇಲ್ಲ.

ಆಮೇಲೆ ನನ್ನ ಕಣ್ಣಿನ ಪೊರೆ ತೆಗೆಸಿದರು. ಡಾಕ್ಟರು ಕಪ್ಪು ಕನ್ನಡಕ ಹಾಕಿ, ಸ್ವಲ್ಪ ದಿನ ಓದಬೇಡಿ, ಟಿವಿ ನೋಡಬೇಡಿ ಎಂದರು. ಕಣ್ಣು ಮುಚ್ಚಿಕೊಂಡು ಕೂತರೆ ಹೊತ್ತು ಹೋಗುವುದು ಹೇಗೆ? ನನ್ನ ಗೊಣಗಾಟ ಕೇಳಲಾರದೆ ಸೊಸೆ ಒಂದು ಸಂಜೆ ಪುಸ್ತಕ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತಳು.

“ಅತ್ತೆ, ನಾನು ಓದೋ ಪುಸ್ತಕ ನಿಮಗೆ ಹಿಡಿಸುತ್ತೋ ಇಲ್ವೋ.”

“ಹಿಡಿಸದಿದ್ರೆ ನಿದ್ದೆ ಮಾಡ್ತೀನಿ. ಓದು.”

ನಿಲ್ದಾಣದ ಎದುರಿನ ಬಾಡಿಗೆ ಪುಸ್ತಕದಂಗಡಿಯಿಂದ ತರುತ್ತಿದ್ದ ಕಾದಂಬರಿಗಳು ಅವು. ಎಲ್ಲ ಬೇರೆ ದೇಶದ ಕಥೆ, ಎಲ್ಲದರಲ್ಲೂ ಹಿಮ. ಒಬ್ಬಳು ಹುಡುಗಿಯ ಕಾರು ದಾರಿಯಲ್ಲಿ ಕೆಟ್ಟು ನಿಲ್ಲುತ್ತದೆ. ಹಿಮ ಸುರಿಯುತ್ತದೆ. ದೂರದಲ್ಲೊಂದು ಮರದ ಮನೆ, ಕಿಟಕಿಯಲ್ಲಿ ದೀಪ. ಬಾಗಿಲು ತೆರೆಯುವವನಿಗೆ ಗಡ್ಡ, ಮೂಗಿನ ತುದಿಯಲ್ಲಿ ಕೋಪ. ಬೆಳಗಾಗುವಷ್ಟರಲ್ಲಿ ದಾರಿ ಪೂರ್ತಿ ಮುಚ್ಚಿಹೋಗಿರುತ್ತದೆ. ಅವಳು ಹೋಗುವಂತಿಲ್ಲ, ಅವನು ಕಳಿಸುವಂತಿಲ್ಲ. ಮುಂದೇನಾಗುತ್ತದೆಂದು ಕಣ್ಣು ಕಟ್ಟಿಕೊಂಡ ಮುದುಕಿಗೂ ಗೊತ್ತಾಗುತ್ತದೆ.

“ಇವನಿಗೆ ಸೌದೆ ಒಡೆಯೋದು ಬಿಟ್ರೆ ಬೇರೆ ಕಸುಬಿಲ್ವಾ?” ಎಂದು ಕೇಳಿದೆ.

“ಚಳಿ ಅಲ್ವಾ ಅತ್ತೆ.”

“ಅದ್ಸರಿ, ಹಾಲು ಎಲ್ಲಿಂದ ಬರುತ್ತೆ? ಮನೇಲಿ ಒಂದು ಹೆಣ್ಣಿಲ್ಲ, ಅಷ್ಟೊಂದು ಕಂಬಳಿ ಯಾರು ಒಗೀತಾರೆ?”

ಅವಳು ಪುಸ್ತಕ ಮಡಿಲಿಗೆ ಹಾಕಿಕೊಂಡು ನಕ್ಕಳು. ಅವಳ ನಗು ಕೇಳಿ ತುಂಬ ದಿನವಾಗಿತ್ತು ಎಂಬುದು ನನಗೆ ಆಗಲೇ ತಿಳಿದದ್ದು. ಕಣ್ಣು ಮುಚ್ಚಿಸಿದರೆ ಕಿವಿ ಚುರುಕಾಗುತ್ತದೆ ಅನ್ನುತ್ತಾರಲ್ಲ, ಹಾಗೆ.

ಮಗ ಅಂಗಡಿಯಿಂದ ಬಂದವನು ಒಮ್ಮೆ ನಿಂತು ಕೇಳಿಸಿಕೊಂಡ. “ಹಿಮ ಬೇಕಾ? ನಾಳೆ ಅಂಗಡಿಗೆ ಬಾ, ಡಿಫ್ರಾಸ್ಟ್ ಮಾಡದ ಫ್ರೀಜರ್ ತೆಗೆದು ತೋರಿಸ್ತೀನಿ, ಬೇಕಾದಷ್ಟಿದೆ,” ಎಂದ. ನಾನು ನಕ್ಕೆ. ಬಕೆಟ್ಟಮ್ಮ ಬಟ್ಟೆ ಇಳಿಸಿಕೊಂಡು ಬರುತ್ತಿದ್ದವರು ಮೆಟ್ಟಿಲಿನ ಮೇಲೇ ನಿಂತು ನಕ್ಕರು. ಸೊಸೆಯೂ ನಕ್ಕಳು, ಆದರೆ ಆ ಸಂಜೆ ಮತ್ತೆ ಪುಸ್ತಕ ಬಿಚ್ಚಲಿಲ್ಲ. ನನ್ನ ಮಗ ಒಳ್ಳೆಯವನು. ಯಾವ ಫ್ರಿಜ್ಜಿನಲ್ಲಿ ಎಲ್ಲಿ ಗ್ಯಾಸು ಸೋರುತ್ತಿದೆ ಎಂದು ಕಿವಿಯಿಟ್ಟೇ ಹೇಳಬಲ್ಲ. ಹೆಂಡತಿಯ ವಿಷಯದಲ್ಲಿ ಮಾತ್ರ ಕಿವಿ ಕೇಳುವುದಿಲ್ಲ.

ದಿನ ಕಳೆದ ಹಾಗೆ ನಾನು ಸಂಜೆಯನ್ನೇ ಕಾಯತೊಡಗಿದೆ. ಗಡ್ಡದವನು ಅವಳ ಒದ್ದೆ ಕಾಲುಚೀಲಗಳನ್ನು ಒಂದೂ ಮಾತಾಡದೆ ಒಲೆಯ ಮುಂದೆ ಒಣಗಲು ಹಾಕಿದಾಗ ನನ್ನ ಎದೆಯೂ ಹೊಡೆದುಕೊಂಡಿತು. ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ ಎಂದು ನೀವು ಕೇಳಬಹುದು. ಬೇಕು. ಆದರೆ ಕಥೆ ಅಂಥ ಜಾಗಕ್ಕೆ ಬಂದಾಗಲೇ ಯಾರಾದರೂ ಒಣಗಿದ ಬಟ್ಟೆ ಇಳಿಸಲು ಖಾಲಿ ಬಕೆಟ್ಟು ಹಿಡಿದುಕೊಂಡು ಒಳಗೆ ಬರುತ್ತಿದ್ದರು. ಸೊಸೆ ಸಾಲಿನ ಮೇಲೆ ಬೆರಳಿಟ್ಟು ನಿಲ್ಲಿಸುತ್ತಿದ್ದಳು. ಬಂದವರು ನನ್ನ ಕಣ್ಣಿನ ಬಗ್ಗೆ ವಿಚಾರಿಸಿ, ತಮ್ಮ ಮೊಣಕಾಲಿನ ಬಗ್ಗೆ ಹೇಳಿ, ಮೇಲೆ ಹೋಗಿ, ಮತ್ತೆ ಕೆಳಗೆ ಬಂದು ಹೋದ ಮೇಲೆ ಬೆರಳು ತೆಗೆಯುತ್ತಿದ್ದಳು. ಅಷ್ಟರಲ್ಲಿ ಕಾಲುಚೀಲ ತಣ್ಣಗಾಗಿರುತ್ತಿತ್ತು.

“ಅಲ್ಲ ಕಣೇ, ಎಲ್ಲ ಪುಸ್ತಕದಲ್ಲೂ ಯಾಕೆ ಹಿಮಾನೇ ಬೀಳಬೇಕು?” ಎಂದು ಒಂದು ದಿನ ಕೇಳಿದೆ.

ಅವಳು ಪುಟದ ನಡುವೆ ಬೆರಳಿಟ್ಟು ಪುಸ್ತಕ ಮುಚ್ಚಿದಳು. “ಹಿಮ ಬಿದ್ರೆ ಯಾರೂ ಬರಲ್ಲ ಅತ್ತೆ,” ಎಂದಳು ಆಮೇಲೆ. “ಬರಬೇಕು ಅಂದ್ರೂ ಬರಕ್ಕಾಗಲ್ಲ. ಯಾರಿಗೂ ಬರಬೇಡಿ ಅಂತ ಹೇಳಿ ನಿಷ್ಠುರ ಕಟ್ಟಿಕೊಳ್ಳಬೇಕಾಗಿಲ್ಲ. ಹಿಮಾನೇ ಎಲ್ಲ ನೋಡ್ಕೊಳ್ಳುತ್ತೆ.”

“ಒಂದರಲ್ಲೂ ಅತ್ತೆ ಅನ್ನೋಳೇ ಇಲ್ವಲ್ಲ?” ಎಂದೆ ತಮಾಷೆಗೆ.

“ಇರ್ತಾರೆ, ದೂರದ ಊರಲ್ಲಿ. ರೋಡು ಬಂದ್ ಆಗಿರುತ್ತಲ್ಲ, ಬರಕ್ಕಾಗಿರಲ್ಲ,” ಎಂದವಳು ಅಲ್ಲಿಗೇ ನಾಲಗೆ ಕಚ್ಚಿಕೊಂಡಳು. ಕಂಡಕ್ಟರು ‘ರೈಟ್’ ಎನ್ನುತ್ತ ಒಳಗೆ ಬಂದದ್ದು ಅವತ್ತು ಇಬ್ಬರಿಗೂ ಒಳ್ಳೆಯದೇ ಆಯಿತು.

ಅದಾಗಿ ಸ್ವಲ್ಪ ದಿನಕ್ಕೆ ಅಡುಗೆಮನೆಯಲ್ಲಿ ಮಗನಿಗೂ ಸೊಸೆಗೂ ಮಾತು ಬೆಳೆಯಿತು. ಬೆಳೆಯಿತು ಎನ್ನುವುದೂ ತಪ್ಪೇ. ಇಬ್ಬರೂ ಪಿಸುಮಾತಿನಲ್ಲೇ ಜಗಳವಾಡುತ್ತಿದ್ದರು, ಪಾತ್ರೆಗಳೇ ಹೆಚ್ಚು ಸದ್ದು ಮಾಡುತ್ತಿದ್ದವು. “ಒಂದೇ ಒಂದು ಸಲ ಆದ್ರೂ ನೀವು…” ಎಂದು ಅವಳ ದನಿ ಏರುವಷ್ಟರಲ್ಲಿ ಕಂಡಕ್ಟರು ಬಂದು ಕುಡಿಯಲು ನೀರು ಕೇಳಿದರು. ಅವಳು ಮುಖ ಒರೆಸಿಕೊಂಡು, ನಗುತ್ತ ನೀರು ತಂದುಕೊಟ್ಟಳು. ಆ ವಾಕ್ಯ ಅಲ್ಲಿಗೇ ನಿಂತಿತು. ಮುಂದೆ ಎಷ್ಟೋ ದಿನ ಆ ಜಗಳ ಅರ್ಧ ಬೆಂದ ಅನ್ನದ ಹಾಗೆ ಮನೆಯಲ್ಲೇ ಉಳಿದುಕೊಂಡಿತು. ತಿನ್ನುವ ಹಾಗೂ ಇಲ್ಲ, ಚೆಲ್ಲುವ ಹಾಗೂ ಇಲ್ಲ. ಅವರು ಒಬ್ಬರಿಗೊಬ್ಬರು ಉಪ್ಪು ಎಲ್ಲಿದೆ, ಛತ್ರಿ ಎಲ್ಲಿದೆ ಎಂದು ಕೇಳುವುದು ಬಿಟ್ಟರೆ ಮಾತಾಡಲಿಲ್ಲ.

ನನ್ನ ಕನ್ನಡಕ ತೆಗೆದು ನೋಡಿದ ಡಾಕ್ಟರು ಇನ್ನು ಓದಬಹುದು ಎಂದರು, ಬಿಸಿಲಿಗೆ ಹೋಗುವಾಗ ಮಾತ್ರ ಕಪ್ಪು ಕನ್ನಡಕ ಹಾಕಿಕೊಳ್ಳಿ ಎಂದರು. ಮನೆಗೆ ಬಂದು ಹೊಸ ಕಣ್ಣಿನಲ್ಲಿ ನಾನು ನೋಡಿದ ಮೊದಲ ವಸ್ತು ಊಟದ ಮೇಜಿನ ಮೇಲಿದ್ದ ಬಸ್ ಟಿಕೆಟ್ಟು. ಭಾನುವಾರ ಮಧ್ಯಾಹ್ನದ ಬಸ್ಸು, ಸೊಸೆಯ ಅಕ್ಕನ ಊರಿಗೆ.

“ಸ್ವಲ್ಪ ದಿನ ಅಕ್ಕನ ಮನೇಲಿದ್ದು ಬರ್ತೀನಿ ಅತ್ತೆ. ರಜ ಹಾಕಿದೀನಿ.”

“ಬರೋ ಟಿಕೆಟ್ಟು ಎಲ್ಲಿ?”

“ಅದು ಆಮೇಲೆ ನೋಡೋಣ.”

ದಿನವೂ ನೂರಾರು ಜನಕ್ಕೆ ‘ಹೋಗಿ ಬರೋದಾ, ಬರೀ ಹೋಗೋದಾ’ ಎಂದು ಕೇಳುವವಳು ಅವಳು. ಬರೀ ಹೋಗುವ ಟಿಕೆಟ್ಟು ಯಾಕೆ ತೆಗೆಸುತ್ತಾರೆಂದು ಅವಳಿಗೆ ಗೊತ್ತಿಲ್ಲವೇ? ಮಗನನ್ನು ಪಕ್ಕಕ್ಕೆ ಕರೆದು ಕೇಳಿದೆ. “ಹೋಗಿ ಬರಲಿ ಬಿಡಮ್ಮ, ಅವಳಿಗೂ ಬೇಜಾರಾಗಿದೆ,” ಎಂದ. ಅವನ ಮುಖ ನೋಡಿದೆ. ಅವನಿಗೂ ಗೊತ್ತಿತ್ತು.

ಪುಸ್ತಕವನ್ನು ಅವಳು ನನ್ನ ಹಾಸಿಗೆಯ ಮೇಲಿಟ್ಟು, “ನಿಮ್ಮ ಕಣ್ಣು ಸರಿಹೋಯ್ತಲ್ಲ, ಉಳಿದದ್ದು ನೀವೇ ಓದ್ಕೊಳ್ಳಿ,” ಎಂದಿದ್ದಳು. ಸಿಟ್ಟಿನಿಂದ ಹೇಳಿದ್ದಲ್ಲ. ಸಿಟ್ಟಿನಿಂದ ಹೇಳಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಶನಿವಾರ ಕುರ್ಚಿಯಲ್ಲಿ ಕೂತು ಓದಿದೆ. ಮಾತಾಡಿಸಲು ಬಂದವರಿಗೆಲ್ಲ ಹೂಂ ಅಂದು ಕಳಿಸಿದೆ. ಮುಂದೆ ಬರೀ ಮುದ್ದು ಮಾತು ಇರುತ್ತದೆ, ಓದಲು ನಾಚಿಕೆಯಾಗುತ್ತದೆ ಅಂದುಕೊಂಡಿದ್ದೆ. ಹಾಗೇನೂ ಇರಲಿಲ್ಲ. ಆ ಮರದ ಮನೆಯಲ್ಲಿ ಅವರಿಬ್ಬರೂ ಜಗಳವಾಡುತ್ತಾರೆ. ಒಂದು ಪುಟ ಎರಡು ಪುಟ ಅಲ್ಲ, ಅಧ್ಯಾಯದ ಮೇಲೆ ಅಧ್ಯಾಯ. ಅವಳು ಬಾಗಿಲು ತೆಗೆದು ಹೊರಟೇಬಿಡುತ್ತಾಳೆ, ಹಿಮ ಎದೆಯ ಮಟ್ಟ ಇರುತ್ತದೆ, ತಿರುಗಿ ಬರುತ್ತಾಳೆ, ಬಿಟ್ಟಲ್ಲಿಂದ ಮತ್ತೆ ಶುರು. ಗಡ್ಡದವನು ಬಾಯಿ ಮುಚ್ಚಿಕೊಂಡಿರಲು ನೋಡುತ್ತಾನೆ, ಇರುವುದೇ ಒಂದು ಕೋಣೆ, ಎಷ್ಟು ಹೊತ್ತು ಮುಚ್ಚಿಕೊಂಡಿರುತ್ತಾನೆ? ಕೊನೆಗೆ ಹೇಳಬೇಕಾದದ್ದನ್ನೆಲ್ಲ ಹೇಳುತ್ತಾನೆ, ಅಳುತ್ತಾನೆ ಕೂಡ. ಆಮೇಲಷ್ಟೇ ಉಳಿದದ್ದು.

ನಾನು ಪುಸ್ತಕ ಮುಚ್ಚಿ ಕೂತೆ. ಇಷ್ಟು ದಿನ ಈ ಹಿಮ ಪ್ರೀತಿಗಾಗಿ ಬೀಳುತ್ತದೆ ಎಂದುಕೊಂಡಿದ್ದೆನಲ್ಲ. ಅದು ಬೀಳುವುದು ಜಗಳ ಮುಗಿಯಲಿ ಎಂದು. ನಮ್ಮ ಮನೆಯಲ್ಲಿ ಇಷ್ಟು ವರ್ಷದಲ್ಲಿ ಒಂದು ಜಗಳವೂ ಮುಗಿದಿಲ್ಲ. ಮುಗಿಯಲು ಯಾರು ಬಿಟ್ಟಿದ್ದಾರೆ? ಬಾಗಿಲು ಹಾರು ಹೊಡೆದುಕೊಂಡಿರುತ್ತದೆ, ಬಾಗಿಲಲ್ಲಿ ನಾನು ಇರುತ್ತೇನೆ.

ಭಾನುವಾರ ಎಂದರೆ ಕಟ್ಟಡಕ್ಕೆಲ್ಲ ಬಟ್ಟೆ ಒಗೆಯುವ ದಿನ. ಬೆಳಿಗ್ಗೆಯೇ ಬಿಸಿಲು ಚುರುಗುಟ್ಟುತ್ತಿತ್ತು. ಸೊಸೆ ಕೋಣೆಯಲ್ಲಿ ಸೂಟ್‌ಕೇಸ್ ತುಂಬುತ್ತಿದ್ದಳು, ಮಗ ಅಡುಗೆಮನೆಯಲ್ಲಿ ಸುಮ್ಮನೆ ಒಂದು ಲೋಟವನ್ನು ತೊಳೆಯುತ್ತಲೇ ಇದ್ದ. ನಾನು ಕಪ್ಪು ಕನ್ನಡಕ ಹಾಕಿಕೊಂಡೆ. ಕುರ್ಚಿ ಎಳೆದು ಹೊರಗಿಟ್ಟೆ. ಬಾಗಿಲು ಮುಚ್ಚಿ, ಹೊರಗಿನ ಚಿಲಕ ಹಾಕಿ, ಅದಕ್ಕೆ ಬೆನ್ನು ಕೊಟ್ಟು ಕೂತೆ.

ಮೊದಲು ಬಂದವರು ಬಕೆಟ್ಟಮ್ಮ. ಮೆಟ್ಟಿಲು ಹತ್ತಿ ಬಂದು, ಮುಚ್ಚಿದ ಬಾಗಿಲನ್ನು ನೋಡಿ, ತಪ್ಪಿ ಬೇರೆ ಮಹಡಿಗೆ ಬಂದೆನೇನೋ ಎಂಬಂತೆ ಆಚೀಚೆ ನೋಡಿದರು.

“ಇವತ್ತು ತಾರಸಿ ಇಲ್ಲ,” ಎಂದೆ.

“ಇಲ್ಲ ಅಂದ್ರೆ? ಎಲ್ಲಿ ಹೋಯ್ತು?”

“ರಜ.”

“ಏನ್ರೀ ನೀವು, ಮಕ್ಕಳ ಯೂನಿಫಾರ್ಮು ನಾಳೆಗೆ ಒಣಗಬೇಕು.”

“ಒದ್ದೇದೇ ಹಾಕ್ಕೊಂಡು ಹೋಗ್ಲಿ, ಸೆಕೆ ಅಲ್ವಾ,” ಎಂದೆ. ಅವರ ಮುಖ ಕೆಂಪಾಯಿತು. ಅಷ್ಟರಲ್ಲಿ ಒಳಗಿನಿಂದ ಬಾಗಿಲು ಬಡಿದ ಸದ್ದು.

“ಅಮ್ಮಾ, ಬಾಗಿಲು ತೆಗಿ.”

ನಾನು ಕುರ್ಚಿಯನ್ನು ಬಾಗಿಲಿಗೆ ಇನ್ನಷ್ಟು ಒತ್ತಿ ಕೂತೆ.

“ಅತ್ತೆ,” ಸೊಸೆಯ ದನಿ. “ನಂಗೆ ಬಸ್ಸಿಗೆ ಹೊತ್ತಾಗುತ್ತೆ.”

“ಬಸ್ಸು ಇವತ್ತು ಹೋಗಲ್ಲ,” ಎಂದೆ ಬಾಗಿಲಿಗೆ ಬಾಯಿಟ್ಟು. “ರೋಡು ಬಂದ್ ಆಗಿದೆ. ಹಿಮ ಬಿದ್ದಿದೆ.”

ಬಕೆಟ್ಟಮ್ಮ ನನ್ನನ್ನೇ ನೋಡುತ್ತಿದ್ದರು. ಕಣ್ಣಿನ ಆಪರೇಷನ್ ತಲೆಗೇನಾದರೂ ಏರಿತೋ ಎಂದು ಅವರಿಗೆ ಅನ್ನಿಸಿದ್ದರೆ ತಪ್ಪಿಲ್ಲ. ನಾನು ಅವರ ಕೈ ಹಿಡಿದು ಹತ್ತಿರಕ್ಕೆ ಎಳೆದೆ. “ಒಳಗೆ ಅವರಿಬ್ಬರೇ ಇದಾರೆ,” ಎಂದೆ ಮೆಲ್ಲಗೆ. “ಅವಳು ಹೋಗ್ತಾಳೆ. ಹೋದ್ರೆ ಬರಲ್ಲ.”

ಬಕೆಟ್ಟಮ್ಮ ಮುಚ್ಚಿದ ಬಾಗಿಲ ಕಡೆ ನೋಡಿದರು. ಅವರದೂ ತುಂಬಿದ ಮನೆಯೇ. ಆಮೇಲೆ ಬಕೆಟ್ಟನ್ನು ಕೆಳಗಿಟ್ಟು, ಸೀರೆ ಸರಿಮಾಡಿಕೊಂಡು, ನನ್ನ ಕಾಲ ಬಳಿ ಮೆಟ್ಟಿಲಿನ ಮೇಲೆ ಕೂತರು. ಅಲ್ಲಿಂದ ಮುಂದೆ ಬಂದವರಿಗೆಲ್ಲ ನಾನು ಬಾಯಿ ತೆರೆಯಬೇಕಾಗಲಿಲ್ಲ, ಅವರೇ ಕಳಿಸಿದರು. ಕೆಲವರು ಗೊಣಗುತ್ತ ಮೆಟ್ಟಿಲ ಕಂಬಿಯ ಮೇಲೇ ಬಟ್ಟೆ ಹರಡಿದರು. ಕಂಡಕ್ಟರು ಬಂದು, “ಏನಮ್ಮ, ಗಾಡಿ ಕೆಟ್ಟು ನಿಂತಿದೆಯಾ?” ಎಂದರು. ಬಕೆಟ್ಟಮ್ಮ, “ನಿಂತಿದೆ, ನೀವೂ ಕೂತ್ಕೊಳ್ಳಿ, ಸೀಟು ಖಾಲಿ ಇದೆ,” ಎಂದರು. ಅವರೂ ಕೂತರು.

ಒಳಗೆ ಮೊದಲು ಪಿಸುಮಾತು. ಅಭ್ಯಾಸ ಬಲ. ಆಮೇಲೆ ಮಗ ಏನೋ ಅಂದ, ಅವಳು ಏನೋ ಅಂದಳು, ಆಮೇಲೆ ಅವಳ ದನಿ ಒಮ್ಮೆಗೇ ಕಟ್ಟೆಯೊಡೆದು ಬಂತು.

“ಒಂದೇ ಒಂದು ಸಲ ಆದ್ರೂ ನೀನು ಕೇಳಿದ್ಯಾ, ನಿಂಗೆ ಏನು ಬೇಕು ಅಂತ?”

ಮದುವೆಯಾದಾಗಿನಿಂದ ಅವಳು ಅವನನ್ನು ‘ನೀನು’ ಎಂದದ್ದು ನಾನು ಕೇಳಿರಲಿಲ್ಲ. ಬೇರೆ ದಿನವಾಗಿದ್ದರೆ ಹುಬ್ಬೇರಿಸುತ್ತಿದ್ದೆ. ಅವತ್ತು ಅದು ಕಿವಿಗೆ ಹಿತವಾಗಿತ್ತು.

“ಆ ಬಾಗಿಲು ಮುಚ್ಚೋಣ ಅಂತ ಹೇಳೋಕೆ ನಿಂಗೆ ಧೈರ್ಯ ಇಲ್ಲ. ಹಿಂದಿನಿಂದ ತಾರಸಿಗೆ ಕಬ್ಬಿಣದ ಮೆಟ್ಟಿಲು ಹಾಕಿಸಿಕೊಡ್ತೀವಿ ಅಂತ ಕಟ್ಟಡದವರೆಲ್ಲ ಬಂದು ಕೇಳಿದ್ರು. ಬೇಡ ಅಂದಿದ್ದು ನೀನು.”

“ಯಾಕೆ ಬೇಡ ಅಂದೆ ಅಂತ ನಿಂಗೂ ಗೊತ್ತು,” ಮಗ ಕೂಗಿದ. “ಅಪ್ಪ ಹೋದ ಮೇಲೆ ಅಮ್ಮ ಊಟ ಬಿಟ್ಟಿದ್ದಳು. ಗೋಡೆ ನೋಡ್ಕೊಂಡು ಕೂತಿರ್ತಿದ್ದಳು. ಆ ಜನ ಬಂದು ಹೋಗಿ ಮಾಡಿ ಮಾತಾಡಿಸಿ ಮಾತಾಡಿಸಿ ಬದುಕಿಸಿದ್ರು. ಬಾಗಿಲು ಮುಚ್ಚಿದ್ರೆ ಅಮ್ಮ ಏನಾಗ್ತಾಳೆ?”

“ಗೊತ್ತು. ಅದಕ್ಕೇ ನಾನೂ ಸುಮ್ನಿದ್ದೆ. ಇಷ್ಟು ವರ್ಷ ಸುಮ್ನಿದ್ದೆ.” ಅವಳು ಅಳುತ್ತಿದ್ದಳು. “ಅತ್ತೆಗೆ ಹೇಳಬೇಡ. ಆದ್ರೆ ನಂಗಾದ್ರೂ ಹೇಳಬಹುದಿತ್ತಲ್ಲ, ನಿಂಗೂ ಕಷ್ಟ ಆಗ್ತಿದೆ ಅಂತ. ನಾನೊಬ್ಬಳೇ ಕೆಟ್ಟವಳು ಅಂದ್ಕೊಂಡಿದ್ದೆ.”

ನಾನು ಬಕೆಟ್ಟಮ್ಮನ ಕಡೆ ತಿರುಗಿದೆ. “ಕಬ್ಬಿಣದ ಮೆಟ್ಟಿಲು?” ಎಂದೆ. ಅವರು ಸೆರಗಿನ ತುದಿ ನೋಡುತ್ತ ಕೂತಿದ್ದರು. ಕಂಡಕ್ಟರೇ ಹೇಳಿದರು. “ಹೌದಮ್ಮ, ನಾವೆಲ್ಲ ಸೇರಿ ಕೇಳಿದ್ವಿ. ನಿಮ್ಮ ಮಗ ಬೇಡ ಅಂದ್ರು. ಒಣಗಿಸೋ ಬಟ್ಟೆ ಇಲ್ಲದಿದ್ರೂ ಅಮ್ಮನ್ನ ಮಾತಾಡಿಸಿ ಹೋಗ್ತಾ ಇರಿ ಅಂದ್ರು. ನಂಗೆ ವಾಕಿಂಗ್‌ಗೆ ಕೆಳಗಡೆ ಪಾರ್ಕೇ ಇದೆ.”

ನನಗೆ ಅಳು ಬಂತು. ಆ ಕಪ್ಪು ಕನ್ನಡಕದ ಹಿಂದೆ ಚೆನ್ನಾಗಿ ಅತ್ತೆ. ನಾನು ಬಾಗಿಲು ಕಾಯುತ್ತಿದ್ದೇನೆ ಎಂದುಕೊಂಡಿದ್ದೆ, ಇವರೆಲ್ಲ ಸೇರಿ ನನ್ನನ್ನು ಕಾಯುತ್ತಿದ್ದರು. ಅದಕ್ಕೆ ಬೆಲೆ ತೆತ್ತವಳು ಆ ಪರದೆಯ ಹಿಂದೆ ಉಸಿರು ಬಿಗಿಹಿಡಿದುಕೊಂಡಿದ್ದ ಹುಡುಗಿ. ಅವಳ ಮೇಲೆ ನನಗೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಬಾಗಿಲು ತೆಗೆದು ತಬ್ಬಿಕೊಳ್ಳಬೇಕೆನ್ನಿಸಿತು. ತೆಗೆಯಲಿಲ್ಲ. ಅವತ್ತು ನಾನು ದೂರದ ಊರಲ್ಲಿರಬೇಕಾದವಳು.

“ಮೆಟ್ಟಿಲು ಹಾಕಿಸಿ,” ಎಂದೆ ಕಂಡಕ್ಟರಿಗೆ.

“ನಿಮಗೆ ಹೊತ್ತು ಹೋಗಬೇಕಲ್ಲಮ್ಮ?”

“ಭಯ ಆಗುತ್ತೆ,” ಎಂದೆ. “ಆದ್ರೂ ಹಾಕಿಸಿ.”

ಒಳಗೆ ಇನ್ನೂ ತುಂಬ ಹೊತ್ತು ಮಾತು ನಡೆಯಿತು. ಎಲ್ಲವನ್ನೂ ಕೇಳಿಸಿಕೊಂಡೆ ಎಂದರೆ ಸುಳ್ಳಾಗುತ್ತದೆ, ಸ್ವಲ್ಪ ಹೊತ್ತಿನ ಮೇಲೆ ನಾವು ಮೂವರೂ ಬೇಕೆಂದೇ ಜೋರಾಗಿ ಬೇರೆ ವಿಷಯ ಮಾತಾಡತೊಡಗಿದೆವು. ನಡುವೆ ಮಗ ಅತ್ತದ್ದು ಕೇಳಿಸಿತು. ಆಮೇಲೆ ದನಿಗಳು ಇಳಿದವು, ಈ ಸಲ ಯಾರ ಭಯಕ್ಕೂ ಅಲ್ಲ. ಮಧ್ಯಾಹ್ನದ ಬಸ್ಸು ಹೊರಡುವ ಹೊತ್ತು ಬಂತು, ಹೋಯಿತು. ಕೊನೆಗೆ ಸೊಸೆಯ ಮಾತು ಸ್ಪಷ್ಟವಾಗಿ ಕೇಳಿಸಿತು. “ಆ ಸೂಟ್‌ಕೇಸ್ ಮಂಚದ ಕೆಳಗೆ ತಳ್ಳು, ಕಾಲಿಗೆ ಅಡ್ಡ ಬರ್ತಿದೆ.”

ಅಷ್ಟು ಸಾಕಾಗಿತ್ತು ನನಗೆ. ಎದ್ದು, ಸದ್ದಾಗದಂತೆ ಚಿಲಕ ತೆಗೆದೆ. ಇನ್ನು ಅವರಿಗೆ ಇಷ್ಟ ಬಂದಾಗ ಹೊರಗೆ ಬರಲಿ, ಹಸಿವಾಗಿದ್ದರೆ ಏನಾದರೂ ಮಾಡಿ ಹಾಕೋಣ ಎಂದು ಬಾಗಿಲನ್ನು ಮೆಲ್ಲಗೆ ತಳ್ಳಿದೆ. ಬಾಗಿಲು ಅಲುಗಲಿಲ್ಲ. ಒಳಗಿನಿಂದಲೂ ಚಿಲಕ ಹಾಕಿತ್ತು.

ನಾನು ಬಾಗಿಲ ಮೇಲಿಂದ ಕೈ ತೆಗೆದೆ. ಬಕೆಟ್ಟಮ್ಮ ಎದ್ದು, “ಬನ್ನಿ, ನಮ್ಮನೇಲಿ ಊಟ ಮಾಡೋರಂತೆ,” ಎಂದರು. ಇಷ್ಟು ವರ್ಷ ದಿನವೂ ಅವರು ನಮ್ಮ ಮನೆಗೆ ಬಂದಿದ್ದರು, ನಾನು ಒಮ್ಮೆಯೂ ಅವರ ಮನೆಗೆ ಹೋಗಿರಲಿಲ್ಲ. ಹೋಗುವ ಅಗತ್ಯ ಬಿದ್ದಿರಲಿಲ್ಲ. ಒದ್ದೆ ಬಟ್ಟೆಗಳನ್ನು ಸರಿಸಿಕೊಂಡು, ಕಂಬಿ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಇಳಿದೆ. ಅವರ ಬಾಗಿಲು ಮುಚ್ಚಿತ್ತು. ಅವರ ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದು ಕೈಯಲ್ಲಿ ನನ್ನ ತೋಳು.

“ನನ್ನ ಕೈ ಖಾಲಿ ಇಲ್ಲ, ನೀವೇ ಬಡೀರಿ,” ಎಂದರು.

ಬಡಿದೆ. “ಯಾರದು?” ಎಂದು ಒಳಗಿನಿಂದ ಯಾರೋ ಕೇಳಿದರು. ಯಾರ ಬಾಗಿಲಲ್ಲೂ ನಿಂತು ಆ ಪ್ರಶ್ನೆಗೆ ಉತ್ತರ ಕೊಟ್ಟು ನನಗೆ ರೂಢಿಯಿರಲಿಲ್ಲ.

“ನಾನು, ಮೇಲಿನ ಮನೆಯವಳು,” ಎಂದೆ. “ಸ್ವಲ್ಪ ಹೊತ್ತು ಕೂತು ಹೋಗೋಣ ಅಂತ ಬಂದೆ.”